ತೆರಿಗೆ ಲೆಕ್ಕದಲ್ಲಿ ಮನೆಮಂದಿ

1957ರ ಮೇ ತಿಂಗಳಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಮಂಡಿಸಿದ ಬಜೆಟ್ ಎಂದರೆ ಬಲ್ಲವರಿಗೆ ಮೊದಲು ನೆನಪಾಗುವುದು ಸಂಪತ್ತು ತೆರಿಗೆ, ವೆಚ್ಚ ತೆರಿಗೆ. ಸಂಬಳದ ಮೇಲೆ ಬದುಕುವವರ ಮನೆಗೆ ತಟ್ಟಿದ್ದು ಮಾತ್ರ ಬೇರೆ ಎರಡು ಬದಲಾವಣೆಗಳು. ಆದಾಯ ತೆರಿಗೆಯ ಬಲೆಗೆ ಬೀಳುವ ವರಮಾನದ ಮಿತಿ ವರ್ಷಕ್ಕೆ 4,200 ರೂಪಾಯಿ ಇದ್ದದ್ದು 3,000ಕ್ಕೆ ಇಳಿಯಿತು. ಅದರ ಬೆನ್ನಿಗೇ, ಮಕ್ಕಳಿರುವವರಿಗೆ ಪ್ರತಿ ಮಗುವಿನ ಹೆಸರಲ್ಲಿ 300 ರೂಪಾಯಿ ವಿನಾಯಿತಿ ಬಂತು. ಎರಡು ಮಕ್ಕಳವರೆಗೆ ಮಾತ್ರ.

ಮರುವರ್ಷ ಮುಂಧ್ರಾ ಹಗರಣದಿಂದಾಗಿ ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟಿದ್ದರು. 1958ರ ಬಜೆಟ್ಟನ್ನು ಪ್ರಧಾನಿ ನೆಹರೂ ಅವರೇ ಓದಿದರು. ಆ ವರ್ಷದ ದರಪಟ್ಟಿಯನ್ನು ಇವತ್ತು ತೆರೆದು ನೋಡಿದರೆ ಅದು ಒಂದು ಮನೆಯ ಪಡಿತರ ಚೀಟಿಯ ಹಾಗೆ ಕಾಣುತ್ತದೆ. ವರ್ಷಕ್ಕೆ 20,000 ರೂಪಾಯಿಯೊಳಗೆ ವರಮಾನವಿರುವ ಮದುವೆಯಾದವನಿಗೆ ಮಕ್ಕಳಿಲ್ಲದಿದ್ದರೆ ಮೊದಲ 3,000 ರೂಪಾಯಿಗೆ ತೆರಿಗೆಯಿಲ್ಲ. ಒಂದು ಮಗುವಿದ್ದರೆ 3,300. ಒಂದಕ್ಕಿಂತ ಹೆಚ್ಚಿದ್ದರೆ 3,600. ಮದುವೆಯಾಗದವನಿಗೆ ಬರೀ 1,000. ವಿನಾಯಿತಿ ದಾಟಿದ ಮೇಲೆ 5,000 ರೂಪಾಯಿವರೆಗೆ ಶೇಕಡಾ 3ರ ದರ, ಅದರಾಚೆ 6, 9, 11 ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿಕೆ.

ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಮಗುವಿನ ಹೆಸರಲ್ಲಿ ಸಿಗುವ 300 ರೂಪಾಯಿ ಶೇಕಡಾ 3ರ ಮೆಟ್ಟಿಲಿನಲ್ಲೇ ಕಳೆದುಹೋಗುತ್ತದೆ. ಅಂದರೆ ಸರ್ಚಾರ್ಜ್ ಬಿಟ್ಟರೆ ಒಂದು ಮಗುವಿನಿಂದ ಅಪ್ಪನಿಗೆ ಉಳಿಯುತ್ತಿದ್ದದ್ದು ವರ್ಷಕ್ಕೆ 9 ರೂಪಾಯಿ. ಎರಡು ಮಕ್ಕಳಿಗೆ 18. ಮೂರನೆಯ ಮಗುವಿಗೆ ಏನೂ ಇಲ್ಲ. ಐದು ಸಾವಿರ ದುಡಿಯುವ ಗುಮಾಸ್ತನಿಗೂ ಹದಿನೈದು ಸಾವಿರ ದುಡಿಯುವ ಅಧಿಕಾರಿಗೂ ಅದೇ 9 ರೂಪಾಯಿ. ಈ ಒಂದು ವಿಷಯದಲ್ಲಿ ಆ ದರಪಟ್ಟಿ ನ್ಯಾಯವಾಗಿತ್ತು ಎನ್ನಬೇಕು. ಯಾಕೆಂದರೆ ಸಾಮಾನ್ಯವಾಗಿ ತೆರಿಗೆ ವಿನಾಯಿತಿಯ ಲಾಭ ಹೆಚ್ಚು ದುಡಿಯುವವನಿಗೇ ಹೆಚ್ಚು ದಕ್ಕುತ್ತದೆ.

ಮೊತ್ತ ಚಿಕ್ಕದಾದರೂ ಅದರ ಹಿಂದಿದ್ದ ಪ್ರಶ್ನೆ ದೊಡ್ಡದು. ಸಂಬಳ ಒಬ್ಬನ ಹೆಸರಿನಲ್ಲಿ ಬರುತ್ತದೆ, ಊಟಕ್ಕೆ ಕೂರುವವರು ಆರು ಜನ. ಸರ್ಕಾರ ತೆರಿಗೆ ಹಾಕುವಾಗ ಆ ಒಬ್ಬನನ್ನು ನೋಡಬೇಕೋ, ಆರು ಜನರನ್ನು ನೋಡಬೇಕೋ? ಭಾರತದ ತೆರಿಗೆ ಕಾನೂನು ಒಂದೂವರೆ ಶತಮಾನದಲ್ಲಿ ಇದಕ್ಕೆ ಕೊಟ್ಟ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ಮನೆಮಂದಿಯನ್ನು ಅದು ಕೆಲವೊಮ್ಮೆ ಅಕ್ಕರೆಯಿಂದ, ಬಹಳಷ್ಟು ಸಲ ಅನುಮಾನದಿಂದ ಎಣಿಸಿತು.

ಈ ದೇಶಕ್ಕೆ ಆದಾಯ ತೆರಿಗೆ ತಂದವರು ಜೇಮ್ಸ್ ವಿಲ್ಸನ್. 1857ರ ದಂಗೆಯ ಖರ್ಚಿನಿಂದ ಬರಿದಾದ ಖಜಾನೆ ತುಂಬಲು ಲಂಡನ್ನಿನಿಂದ ಬಂದ ಅವರು 1860ರ ಫೆಬ್ರವರಿಯಲ್ಲಿ ಬಜೆಟ್ ಮಂಡಿಸಿದರು, ಹೊಸ ತೆರಿಗೆಗೆ ಸಮರ್ಥನೆಯಾಗಿ ಮನುವಿನ ಹೆಸರನ್ನೂ ಎತ್ತಿದರು. ವರ್ಷಕ್ಕೆ 200 ರೂಪಾಯಿಗಿಂತ ಕಡಿಮೆ ಇದ್ದವರನ್ನು ಬಿಟ್ಟು, 500ರವರೆಗೆ ಶೇಕಡಾ 2, ಅದರ ಮೇಲೆ ಶೇಕಡಾ 4. ಮದ್ರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲ್ಯನ್ ಇದನ್ನು ಬಹಿರಂಗವಾಗಿ ವಿರೋಧಿಸಿ ಹುದ್ದೆಯನ್ನೇ ಕಳೆದುಕೊಂಡರು. ಬಳ್ಳಾರಿ, ದಕ್ಷಿಣ ಕನ್ನಡ ಆಗ ಆ ಪ್ರಾಂತ್ಯದ ಆಡಳಿತದಲ್ಲೇ ಇದ್ದವು. ತೆರಿಗೆ ಜಾರಿಯಾದ ಕೆಲವೇ ವಾರಗಳಲ್ಲಿ, ಆಗಸ್ಟಿನಲ್ಲಿ, ವಿಲ್ಸನ್ ಕಲ್ಕತ್ತದಲ್ಲಿ ಆಮಶಂಕೆಯಿಂದ ತೀರಿಕೊಂಡರು. ಅವರ ತೆರಿಗೆ 1865ರವರೆಗೆ ಬದುಕಿತು.

ಗಟ್ಟಿಯಾಗಿ ಬೇರೂರಿದ ಕಾನೂನು 1886ರದು. ಕೃಷಿ ವರಮಾನವನ್ನು ಹೊರಗಿಟ್ಟದ್ದು ಅದೇ. ಹಿಂದೂ ಅವಿಭಕ್ತ ಕುಟುಂಬವನ್ನು ತೆರಿಗೆ ಕಟ್ಟುವ ಪ್ರತ್ಯೇಕ ಘಟಕವಾಗಿ ಒಪ್ಪಿಕೊಂಡದ್ದೂ ಅದೇ. ಇಂಗ್ಲೆಂಡಿನ ಕಾನೂನಿನಲ್ಲಿ ಇಂಥದ್ದೊಂದು ಇರಲಿಲ್ಲ. ಇಲ್ಲಿನ ವ್ಯಾಪಾರಿ ಮನೆತನಗಳಲ್ಲಿ ಅಂಗಡಿ ಯಾರದು, ಜಮೀನು ಯಾರದು, ಬಡ್ಡಿಗೆ ಬಿಟ್ಟ ಹಣ ಯಾರದು ಎಂದು ಕೇಳಿದರೆ ‘ಮನೆಯದು’ ಎಂಬ ಉತ್ತರ ಬರುತ್ತಿತ್ತು. ಆ ‘ಮನೆ’ಯನ್ನೇ ಒಬ್ಬ ವ್ಯಕ್ತಿ ಎಂದು ಬರೆದುಕೊಳ್ಳದೆ ಬ್ರಿಟಿಷ್ ಅಧಿಕಾರಿಗೆ ಬೇರೆ ದಾರಿ ಇರಲಿಲ್ಲ.

ಈ ಕಲ್ಪನೆಯ ಬೇರು ಕನ್ನಡ ನೆಲದಲ್ಲಿದೆ ಎಂಬುದನ್ನು ತೆರಿಗೆ ಪುಸ್ತಕಗಳು ಹೇಳುವುದು ಕಡಿಮೆ. ಹುಟ್ಟಿದ ಕ್ಷಣದಿಂದಲೇ ಮಗನಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಎಂಬ ಮಿತಾಕ್ಷರದ ತತ್ತ್ವವೇ ಅವಿಭಕ್ತ ಕುಟುಂಬದ ಅಡಿಗಲ್ಲು. ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಸುಮಾರು ಒಂಬೈನೂರು ವರ್ಷಗಳ ಹಿಂದೆ ರೂಪುಗೊಂಡ ಈ ವ್ಯಾಖ್ಯಾನ ಬಂಗಾಳ ಮತ್ತು ಅಸ್ಸಾಂ ಬಿಟ್ಟು ಬಹುಪಾಲು ಭಾರತದ ಹಿಂದೂಗಳ ಆಸ್ತಿ ಕಾನೂನಾಯಿತು. ಇವತ್ತು ಬೆಂಗಳೂರಿನ ಆಡಿಟರ್ ಒಬ್ಬರು ಕುಟುಂಬದ ಹೆಸರಿನಲ್ಲಿ ಪ್ರತ್ಯೇಕ ಪ್ಯಾನ್ ಕಾರ್ಡ್ ಮಾಡಿಸಿಕೊಡುವಾಗ ಆಧರಿಸುವುದು ಆ ಗ್ರಂಥದಿಂದ ಬಂದ ತತ್ತ್ವವನ್ನೇ.

1922ರ ಆದಾಯ ತೆರಿಗೆ ಕಾಯ್ದೆ ಈ ಏರ್ಪಾಟನ್ನು ಹಾಗೇ ಮುಂದುವರಿಸಿತು. ಕುಟುಂಬ ಒಮ್ಮೆ ತೆರಿಗೆ ಕಟ್ಟಿದರೆ ಅದರಿಂದ ಸದಸ್ಯರ ಕೈಗೆ ಬಂದ ಹಣಕ್ಕೆ ಮತ್ತೆ ತೆರಿಗೆಯಿಲ್ಲ. ಆಚೆ ಮೈಸೂರು ಸಂಸ್ಥಾನ ತನ್ನದೇ ಆದಾಯ ತೆರಿಗೆ ಕಾಯ್ದೆಯನ್ನು 1923ರಲ್ಲಿ ಮಾಡಿಕೊಂಡಿತು. 1950ರ ಏಪ್ರಿಲ್ 1ರಿಂದ ಭಾರತದ ಕಾನೂನು ಮೈಸೂರಿಗೂ ಬಂತು. ಆ ಹೊತ್ತಿಗೆ ಅವಿಭಕ್ತ ಕುಟುಂಬಕ್ಕೆ ಒಳ್ಳೆಯ ರಿಯಾಯಿತಿಯೇ ಇತ್ತು. ಐವತ್ತರ ದಶಕದ ಮಧ್ಯದಲ್ಲಿ ಒಬ್ಬ ವ್ಯಕ್ತಿಗೆ ಮಿತಿ 4,200 ರೂಪಾಯಿಯಾದರೆ ಕುಟುಂಬಕ್ಕೆ ಅದರ ಎರಡರಷ್ಟು, 8,400. ಮನೆಯಲ್ಲಿ ಹೆಚ್ಚು ಜನ ಇರುತ್ತಾರೆ ಎಂಬ ಸಾಮಾನ್ಯ ತಿಳಿವಳಿಕೆಗೆ ಕಾನೂನು ಕೊಟ್ಟ ಮನ್ನಣೆ ಅದು.

ಆದರೆ ‘ಮನೆ’ ಅನ್ನಿಸಿಕೊಳ್ಳಲು ಎಷ್ಟು ಜನ ಬೇಕು? ಗಂಡಸರು ಎಷ್ಟಿರಬೇಕು? ಈ ಪ್ರಶ್ನೆಗಳಿಗೆ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟ ಎರಡು ಮುಖ್ಯ ಮೊಕದ್ದಮೆಗಳು ಹೋದದ್ದು ಕರ್ನಾಟಕದಿಂದ.

ಮೊದಲನೆಯದು ಮೈಸೂರಿನ ಆದಾಯ ತೆರಿಗೆ ಕಮಿಷನರ್ ವಿರುದ್ಧ ಗೌಳಿ ಬುದ್ದಣ್ಣ ಹೂಡಿದ ಮೊಕದ್ದಮೆ. ಮನೆಯ ಯಜಮಾನ 1952ರ ಜುಲೈನಲ್ಲಿ ತೀರಿಕೊಂಡಿದ್ದರು. ಉಳಿದವರು ಅವರ ಹೆಂಡತಿ, ಮದುವೆಯಾಗದ ಇಬ್ಬರು ಹೆಣ್ಣುಮಕ್ಕಳು ಮತ್ತು ದತ್ತು ಮಗ ಬುದ್ದಣ್ಣ. ಆಸ್ತಿಯಲ್ಲಿ ಹುಟ್ಟುಹಕ್ಕಿನ ಪಾಲು ಕೇಳಬಲ್ಲವನು ಮಗ ಒಬ್ಬನೇ. ವಿಧವೆ ತಾಯಿ, ಇಬ್ಬರು ಅಕ್ಕತಂಗಿಯರು, ಒಬ್ಬ ಗಂಡುಮಗ ಸೇರಿದರೆ ಅದು ಅವಿಭಕ್ತ ಕುಟುಂಬವೇ, ಅಥವಾ ಒಬ್ಬ ವ್ಯಕ್ತಿ ಮತ್ತು ಅವನನ್ನು ಆಶ್ರಯಿಸಿದ ಮೂವರು ಹೆಂಗಸರೇ? 1966ರಲ್ಲಿ ಸುಪ್ರೀಂ ಕೋರ್ಟ್ ಅದು ಕುಟುಂಬವೇ ಎಂದಿತು. ಪಾಲು ಕೇಳುವ ಗಂಡಸರು ಇಬ್ಬರಿರಬೇಕು ಎಂಬ ನಿಯಮ ತೆರಿಗೆ ಕಾಯ್ದೆಯಲ್ಲಿಲ್ಲ. ಜೀವನಾಂಶಕ್ಕೆ ಹಕ್ಕುಳ್ಳ ತಾಯಿಯೂ ಅಕ್ಕತಂಗಿಯರೂ ಕುಟುಂಬದ ಸದಸ್ಯರೇ. ಮುಂದಿನ ಎಷ್ಟೋ ತೀರ್ಪುಗಳು ಈ ಹೆಸರನ್ನು ಉದ್ಧರಿಸಿವೆ.

ಎರಡನೆಯದು ಅದಕ್ಕೆ ತಿರುವುಮುರುವು. ಬೆಂಗಳೂರಿನ ಆದಾಯ ತೆರಿಗೆ ಕಮಿಷನರ್ ವಿರುದ್ಧ ಸಿ. ಕೃಷ್ಣಪ್ರಸಾದ್ ಹೂಡಿದ ಮೊಕದ್ದಮೆ. ತಂದೆ ಮತ್ತು ಇಬ್ಬರು ಗಂಡುಮಕ್ಕಳ ನಡುವೆ 1958ರಲ್ಲಿ ಪಾಲಾಗಿತ್ತು. ಮದುವೆಯಾಗದ ಮಗನೊಬ್ಬನ ವಾದ ಹೀಗಿತ್ತು: ತನ್ನ ಕೈಗೆ ಬಂದದ್ದು ಪಿತ್ರಾರ್ಜಿತ, ನಾಳೆ ಮದುವೆಯಾಗಿ ಮಗ ಹುಟ್ಟಿದರೆ ಅವನಿಗೂ ಇದರಲ್ಲಿ ಹಕ್ಕು, ಆದ್ದರಿಂದ ತನ್ನನ್ನು ಅವಿಭಕ್ತ ಕುಟುಂಬ ಎಂದೇ ಪರಿಗಣಿಸಬೇಕು. 1974ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕುಟುಂಬ ಎಂದರೆ ಒಬ್ಬರಿಗಿಂತ ಹೆಚ್ಚು ಜನ. ಹುಟ್ಟಬಹುದಾದ ಮಗನನ್ನು ಲೆಕ್ಕಕ್ಕೆ ಹಿಡಿಯಲಾಗದು.

ಎರಡನ್ನೂ ಜೊತೆಗಿಟ್ಟು ಓದಿದರೆ ಕೋರ್ಟು ಸಾಮಾನ್ಯ ಜನರ ತಿಳಿವಳಿಕೆಗೆ ಹತ್ತಿರ ನಿಂತದ್ದು ಕಾಣುತ್ತದೆ. ಹೆಂಗಸರಿದ್ದ ಮನೆಯನ್ನು ಅದು ಮನೆ ಎಂದು ಗುರುತಿಸಿತು. ಕಾನೂನು ಬರೆದವರಲ್ಲಿ ಅಷ್ಟು ಔದಾರ್ಯ ಇರಲಿಲ್ಲ. ಐವತ್ತರ ದಶಕದ ದರಪಟ್ಟಿಯಲ್ಲಿ ವ್ಯಕ್ತಿಗಳಿಗೆ ‘ಮಗು’ ಎಂದು ಬರೆದ ಜಾಗದಲ್ಲಿ ಅವಿಭಕ್ತ ಕುಟುಂಬಗಳಿಗೆ ಬರೆದದ್ದು ಪಾಲಿಗೆ ಹಕ್ಕುಳ್ಳ ಅಪ್ರಾಪ್ತ ಸದಸ್ಯ ಎಂದು. ಆ ಕಾಲದ ಹಿಂದೂ ಕಾನೂನಿನಂತೆ ಅದು ಗಂಡುಮಗುವಿಗೆ ಮಾತ್ರ ಹೊಂದುವ ಮಾತು. ಸಂಬಳದಾರನ ಮಗಳಿಗೆ 300 ರೂಪಾಯಿ ಸಿಕ್ಕರೆ ಅವಿಭಕ್ತ ಕುಟುಂಬದ ಮಗಳಿಗೆ ಸಿಗುತ್ತಿರಲಿಲ್ಲ. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಗೆ ಬಂದದ್ದು 1994ರ ಜುಲೈನಲ್ಲಿ. ಅದೂ ಆಗ ಮದುವೆಯಾಗದವರಿಗಷ್ಟೇ. ಇಡೀ ದೇಶಕ್ಕೆ ಬಂದದ್ದು 2005ರಲ್ಲಿ. ಮನೆಯ ಹಿರಿಯ ಮಗಳು ಅವಿಭಕ್ತ ಕುಟುಂಬವನ್ನು ನಡೆಸುವ ‘ಕರ್ತ’ ಆಗಬಹುದು ಎಂದು ದೆಹಲಿ ಹೈಕೋರ್ಟ್ ಹೇಳುವ ಹೊತ್ತಿಗೆ 2015 ಮುಗಿಯುತ್ತಿತ್ತು.

ತುಳುನಾಡಿನ ಕಥೆ ಇನ್ನೊಂದೇ. ಅಲ್ಲಿನ ಅಳಿಯಸಂತಾನದ ಮನೆಗಳಲ್ಲಿ ವಂಶ ನಡೆಯುವುದು ತಾಯಿಯ ಕಡೆಯಿಂದ. ಮಗ ಅಪ್ಪನ ಕುಟುಂಬದವನಲ್ಲ, ಸೋದರಮಾವನ ಕುಟುಂಬದವನು. ಮಿತಾಕ್ಷರದ ಅಳತೆಗೋಲು ಅಲ್ಲಿ ಕೂರುವುದಿಲ್ಲ. 1953ರ ಎಸ್ಟೇಟ್ ಡ್ಯೂಟಿ ಕಾಯ್ದೆ ಬರೆದವರು ಇದನ್ನು ಅರಿತಿದ್ದರು. ಸತ್ತವರ ಆಸ್ತಿಯ ಮೇಲೆ ತೆರಿಗೆ ಹಾಕುವ ಆ ಕಾಯ್ದೆಯಲ್ಲಿ ಮಿತಾಕ್ಷರದ ಜೊತೆಗೆ ಕೇರಳದ ಮರುಮಕ್ಕತ್ತಾಯಂ, ಅಳಿಯಸಂತಾನಗಳನ್ನೂ ಹೆಸರಿಸಿ ಪ್ರತ್ಯೇಕ ನಿಯಮ ಮಾಡಿದರು. ಮುಸ್ಲಿಂ, ಕ್ರೈಸ್ತ, ಪಾರ್ಸಿ ಕುಟುಂಬಗಳಿಗೆ ಮಾತ್ರ ಒಂದೇ ಸೂರಿನಡಿ, ಒಂದೇ ಗಲ್ಲಾಪೆಟ್ಟಿಗೆಯಲ್ಲಿ ಮೂರು ತಲೆಮಾರು ನಡೆಸಿದರೂ ಅವಿಭಕ್ತ ಕುಟುಂಬದ ಅನುಕೂಲ ಸಿಗಲಿಲ್ಲ. ಜೈನರು, ಸಿಖ್ಖರು, ಬೌದ್ಧರು ಒಳಗೆ ಬಂದರು. ಕೂಡಿ ಬಾಳುವುದು ಒಂದು ಧರ್ಮದವರ ಸೊತ್ತಲ್ಲ ಎಂಬುದನ್ನು ತೆರಿಗೆ ಕಾನೂನು ಇವತ್ತಿಗೂ ಒಪ್ಪಿಕೊಂಡಿಲ್ಲ, ಮತ್ತು ಇದು ಅದರ ನಿಜವಾದ ಕೊರತೆ.

ಕುಟುಂಬಕ್ಕೆ ರಿಯಾಯಿತಿ ಕೊಟ್ಟ ಕಾನೂನೇ ಹೆಂಡತಿ ಮಕ್ಕಳನ್ನು ಅನುಮಾನದಿಂದಲೂ ನೋಡಿತು. ತೆರಿಗೆ ಏರಿಕೆಯ ದರದಲ್ಲಿರುವಾಗ ವರಮಾನವನ್ನು ಮೂರ್ನಾಲ್ಕು ಹೆಸರಿಗೆ ಹಂಚಿದರೆ ಒಟ್ಟು ತೆರಿಗೆ ಇಳಿಯುತ್ತದೆ. ಅಂಗಡಿಗೆ ಹೆಂಡತಿಯನ್ನು ಪಾಲುದಾರಳನ್ನಾಗಿ ಮಾಡುವುದು, ಚಿಕ್ಕ ಮಕ್ಕಳನ್ನು ಲಾಭಕ್ಕೆ ಮಾತ್ರ ಸೇರಿಸಿಕೊಳ್ಳುವುದು, ಆಸ್ತಿ ಅವರ ಹೆಸರಿಗೆ ಬರೆಯುವುದು ವಾಡಿಕೆಯಾಗಿತ್ತು. ಇದನ್ನು ತಡೆಯಲು 1937ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು: ಇಂಥ ವರಮಾನವೆಲ್ಲ ಗಂಡನ ಲೆಕ್ಕಕ್ಕೇ ಸೇರಬೇಕು. ಇದು ಸಂವಿಧಾನದ ಸಮಾನತೆಗೆ ವಿರುದ್ಧ ಎಂದು ವಾದಿಸಿದ ಬಾಲಾಜಿ ಮೊಕದ್ದಮೆಯಲ್ಲಿ 1961ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಎರಡು ವರ್ಷದ ಬಳಿಕ ಕಲ್ಕತ್ತದಿಂದ ಬಂದ ಇನ್ನೊಂದು ಪ್ರಕರಣದಲ್ಲಿ ಒಬ್ಬರು ಮದುವೆಗೆ ಮುಂಚೆಯೇ ಭಾವೀ ಪತ್ನಿಗೆ ಕಂಪನಿಯ ಷೇರು ಬರೆದುಕೊಟ್ಟಿದ್ದರು. ಬರೆದುಕೊಟ್ಟ ದಿನ ಆಕೆ ಹೆಂಡತಿಯಾಗಿರಲಿಲ್ಲ, ಹಾಗಾಗಿ ಲಾಭಾಂಶ ಗಂಡನ ಲೆಕ್ಕಕ್ಕೆ ಬರದು ಎಂದು ತೀರ್ಪಾಯಿತು. ಮದುವೆಯ ತಾರೀಖು ತೆರಿಗೆಯನ್ನು ತೀರ್ಮಾನಿಸಿದ ಪ್ರಕರಣ ಅದು.

ಮಕ್ಕಳ ವಿಷಯದಲ್ಲಿ ಪೂರ್ಣ ಬಿಗಿ ಬಂದದ್ದು 1992ರಲ್ಲಿ. ರಾಜಾ ಚೆಲ್ಲಯ್ಯ ಸಮಿತಿಯ ಸಲಹೆಯಂತೆ ಮನಮೋಹನ್ ಸಿಂಗ್ ತಂದ ಬದಲಾವಣೆಯಲ್ಲಿ ಅಪ್ರಾಪ್ತ ಮಗುವಿನ ಹೆಸರಲ್ಲಿ ಬರುವ ವರಮಾನವನ್ನು, ಅಜ್ಜ ಇಟ್ಟ ಠೇವಣಿಯ ಬಡ್ಡಿಯೇ ಆಗಿರಲಿ, ಅಪ್ಪ ಅಮ್ಮಂದಿರಲ್ಲಿ ಹೆಚ್ಚು ವರಮಾನ ಇರುವವರ ಲೆಕ್ಕಕ್ಕೆ ಸೇರಿಸಬೇಕಾಯಿತು. ಪ್ರತಿ ಮಗುವಿಗೆ 1,500 ರೂಪಾಯಿಯ ವಿನಾಯಿತಿ ಮಾತ್ರ ಸಿಕ್ಕಿತು. ಮಗು ಸ್ವಂತ ಕೌಶಲದಿಂದ ದುಡಿದದ್ದು ಇದಕ್ಕೆ ಹೊರತು. ಗಂಭೀರ ಅಂಗವೈಕಲ್ಯವಿರುವ ಮಗುವಿನ ವರಮಾನವೂ ಹೊರತು.

ಮತ್ತೆ ಐವತ್ತರ ದಶಕಕ್ಕೆ ಬರೋಣ. ಹೆಂಡತಿ ಮಕ್ಕಳನ್ನು ಅವಲಂಬಿತರೆಂದು ಒಪ್ಪಿಕೊಳ್ಳುವ ಪ್ರಯತ್ನ ಕೃಷ್ಣಮಾಚಾರಿಗಿಂತ ಎರಡು ವರ್ಷ ಮೊದಲೇ, ಸಿ.ಡಿ. ದೇಶಮುಖ್ ಅವರ 1955ರ ಬಜೆಟ್ಟಿನಲ್ಲಿ ಶುರುವಾಗಿತ್ತು. ಅಲ್ಲಿಯತನಕ ಎಲ್ಲರಿಗೂ ಮೊದಲ 1,500 ರೂಪಾಯಿಗೆ ತೆರಿಗೆಯಿರಲಿಲ್ಲ. ದೇಶಮುಖ್ ಅದನ್ನು ಮದುವೆಯಾದವರಿಗೆ 2,000ಕ್ಕೆ ಏರಿಸಿ, ಆಗದವರಿಗೆ 1,000ಕ್ಕೆ ಇಳಿಸಿದರು. ಹೊರದೇಶಗಳಲ್ಲಿ ಇದು ಹೊಸದಲ್ಲ. ಬ್ರಿಟನ್ನಿನಲ್ಲಿ ಲಾಯ್ಡ್ ಜಾರ್ಜ್ 1909ರಲ್ಲೇ ಹದಿನಾರರೊಳಗಿನ ಪ್ರತಿ ಮಗುವಿಗೆ 10 ಪೌಂಡ್ ವಿನಾಯಿತಿ ಕೊಟ್ಟಿದ್ದರು.

ನಮ್ಮಲ್ಲಿ ಎರಡೇ ಮಕ್ಕಳ ಮಿತಿ ಯಾಕೆ ಬಂತು ಎಂಬುದನ್ನು ಆ ಕಾಲದ ಚಿಂತೆಯೊಂದಿಗೆ ಓದಬೇಕು. ದೇಶದ ಕುಟುಂಬ ಯೋಜನಾ ಕಾರ್ಯಕ್ರಮ ಆರಂಭವಾದದ್ದು 1952ರಲ್ಲಿ. ಅದಕ್ಕೂ ಇಪ್ಪತ್ತೆರಡು ವರ್ಷ ಮುಂಚೆ, 1930ರಲ್ಲಿ, ಮೈಸೂರು ಸಂಸ್ಥಾನ ಸರ್ಕಾರದ ವತಿಯಿಂದಲೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದಿತ್ತು. ಒಂದು ಕಡೆ ಮಕ್ಕಳು ಕಡಿಮೆಯಿರಲಿ ಎಂದು ಸಾರುತ್ತ, ಇನ್ನೊಂದು ಕಡೆ ಎಷ್ಟು ಮಕ್ಕಳಾದರೂ ರಿಯಾಯಿತಿ ಎನ್ನಲು ಸರ್ಕಾರಕ್ಕೆ ಆಗುತ್ತಿರಲಿಲ್ಲ. ಆ ಎರಡರ ಮಿತಿ ಎಷ್ಟು ಗಟ್ಟಿಯಾಗಿ ಕೂತಿತೆಂದರೆ ಮುಂದೆ ಶಾಲಾ ಶುಲ್ಕದ ಕಡಿತಕ್ಕೂ, ಮಕ್ಕಳ ಶಿಕ್ಷಣ ಭತ್ಯೆಗೂ ಎರಡೇ ಮಕ್ಕಳು. 1998ರ ಅಕ್ಟೋಬರ್ ನಂತರ ಹುಟ್ಟಿದವರಾದರೆ ರಜಾ ಪ್ರವಾಸ ರಿಯಾಯಿತಿಗೂ ಎರಡೇ. ಸಂಬಳದಾರರಿಗೆ ಸಿಗುತ್ತಿದ್ದ ಶಿಕ್ಷಣ ಭತ್ಯೆಯ ವಿನಾಯಿತಿ ಒಂದು ಮಗುವಿಗೆ ತಿಂಗಳಿಗೆ 100 ರೂಪಾಯಿ, ಹಾಸ್ಟೆಲಿಗೆ 300. 1997ರಲ್ಲಿ ನಿಗದಿಯಾದ ಈ ಮೊತ್ತ ಎರಡೂವರೆ ದಶಕಕ್ಕೂ ಹೆಚ್ಚು ಕಾಲ ಒಂದು ರೂಪಾಯಿಯೂ ಕದಲಲಿಲ್ಲ. ಅಷ್ಟರಲ್ಲಿ ಶಾಲೆಯ ಶುಲ್ಕ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದು ಪ್ರತಿ ಜೂನ್ ತಿಂಗಳಲ್ಲಿ ಚೆಕ್ ಬರೆದ ಪ್ರತಿ ತಾಯ್ತಂದೆಗೂ ಗೊತ್ತು.

ದೇಶಮುಖ್ ಕಟ್ಟಿ, ಕೃಷ್ಣಮಾಚಾರಿ ಬೆಳೆಸಿದ ಆ ಕೌಟುಂಬಿಕ ದರಪಟ್ಟಿಗೆ ತೆರೆ ಬಿದ್ದದ್ದು 1970ರಲ್ಲಿ. ಹಣಕಾಸು ಖಾತೆಯನ್ನು ತಾವೇ ಇಟ್ಟುಕೊಂಡಿದ್ದ ಇಂದಿರಾ ಗಾಂಧಿ ಆ ವರ್ಷದ ಬಜೆಟ್ಟಿನಲ್ಲಿ ಎಲ್ಲ ವ್ಯಕ್ತಿಗಳಿಗೂ 5,000 ರೂಪಾಯಿಯ ಒಂದೇ ಮಿತಿ ತಂದರು. ಮದುವೆಯಾದವರು, ಆಗದವರು, ಮಕ್ಕಳಿರುವವರು, ಇಲ್ಲದವರು ಎಂಬ ವಿಂಗಡಣೆ ಹೋಯಿತು. ಲೆಕ್ಕ ಸರಳವಾಯಿತು, ನಿಜ. ಆದರೆ ಆ ದಿನದಿಂದ ಐದು ಜನರನ್ನು ಸಾಕುವವನೂ ಒಬ್ಬನೇ ಇರುವವನೂ ಒಂದೇ ಸಾಲಿನಲ್ಲಿ ನಿಂತರು. ಅವಿಭಕ್ತ ಕುಟುಂಬಗಳ ಮೇಲೂ ಸರ್ಕಾರದ ಕಣ್ಣು ಬಿತ್ತು. ಕೆ.ಎನ್. ರಾಜ್ ಸಮಿತಿ 1972ರಲ್ಲಿ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳನ್ನು ಒಂದೇ ಘಟಕವಾಗಿ ಹಿಡಿದು ತೆರಿಗೆ ಹಾಕಬೇಕೆಂದು ಹೇಳಿತು. ಆ ಸಲಹೆ ಕಡತದಲ್ಲೇ ಉಳಿಯಿತು. 1973ರಲ್ಲಿ, ತೆರಿಗೆ ಕಟ್ಟುವಷ್ಟು ಸ್ವಂತ ವರಮಾನವಿರುವ ಸದಸ್ಯನೊಬ್ಬನಿದ್ದರೂ ಸಾಕು, ಅಂಥ ಕುಟುಂಬಕ್ಕೆ ಹೆಚ್ಚಿನ ದರ ಬಂತು. 1978ರ ಡಿಸೆಂಬರ್ 31ರ ನಂತರದ ಭಾಗಶಃ ಪಾಲುಪಾರಿಕತ್ತನ್ನು ತೆರಿಗೆ ಇಲಾಖೆ ಒಪ್ಪದು ಎಂಬ ನಿಯಮವೂ ಬಂತು. ಕೇರಳವಂತೂ 1975ರ ಕಾಯ್ದೆಯಿಂದ ಅವಿಭಕ್ತ ಕುಟುಂಬ ವ್ಯವಸ್ಥೆಯನ್ನೇ ತೆಗೆದುಹಾಕಿತು.

1970ರ ನಂತರ ಅವಲಂಬಿತರು ಕಾನೂನಿನೊಳಗೆ ಬಂದದ್ದು ಹಿಂಬಾಗಿಲಿನಿಂದ, ಒಂದೊಂದು ಖರ್ಚಿನ ನೆಪದಲ್ಲಿ. ಜೀವವಿಮೆಯ ಕಂತು, ಶಾಲಾ ಶುಲ್ಕ, ಆಸ್ಪತ್ರೆ ವಿಮೆ. ಜನ ಇವನ್ನು ಸೆಕ್ಷನ್ ಸಂಖ್ಯೆಯಿಂದಲೇ ಕರೆಯುತ್ತಾರೆ: ಎಯ್ಟಿ ಸಿ, ಎಯ್ಟಿ ಡಿ. ತಂದೆತಾಯಿಯ ಆರೋಗ್ಯ ವಿಮೆಗೆಂದು ಪಿ. ಚಿದಂಬರಂ 2008ರಲ್ಲಿ ಹೆಚ್ಚುವರಿಯಾಗಿ ಕೊಟ್ಟ 15,000 ರೂಪಾಯಿಯ ಕಡಿತದಲ್ಲಿ ಒಂದು ಒಳ್ಳೆಯ ಗುಣವಿತ್ತು. ತಂದೆತಾಯಿ ಮಗನನ್ನೋ ಮಗಳನ್ನೋ ಅವಲಂಬಿಸಿರಲೇಬೇಕು ಎಂಬ ಷರತ್ತು ಅದಕ್ಕಿರಲಿಲ್ಲ. ಪಿಂಚಣಿ ಪಡೆಯುವ ಅಪ್ಪನ ವಿಮೆ ಕಟ್ಟಿದ ಮಗಳಿಗೂ ಅದು ದಕ್ಕಿತು. ಹಿರಿಯ ನಾಗರಿಕರಿಗೆ ಈ ಮಿತಿ 2018ರಲ್ಲಿ 50,000ಕ್ಕೇರಿತು. ಅತ್ತೆಮಾವಂದಿರು ಮಾತ್ರ ಈ ಪಟ್ಟಿಯಲ್ಲಿಲ್ಲ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಅತ್ತೆಮಾವಂದಿರ ಔಷಧಿ ಬರುವುದು ಸೊಸೆಯ ಸಂಬಳದಿಂದ. ಆ ಸೊಸೆಗೆ ಕಾನೂನಿನಲ್ಲಿ ಜಾಗವಿಲ್ಲ.

ಅವಲಂಬನೆ ಎಂಬ ಮಾತಿಗೆ ಪೂರ್ತಿ ತೂಕ ಇರುವುದು ಎಯ್ಟಿ ಡಿಡಿ ಎಂಬ ಸೆಕ್ಷನ್ನಿನಲ್ಲಿ. ಅಂಗವೈಕಲ್ಯವಿರುವ ಅವಲಂಬಿತರ ಆರೈಕೆಗೆಂದು ಇರುವ ಕಡಿತ ಅದು. ಹೆಂಡತಿ, ಗಂಡ, ಮಕ್ಕಳು, ತಂದೆತಾಯಿ ಮಾತ್ರವಲ್ಲ, ಅಣ್ಣತಮ್ಮಂದಿರು, ಅಕ್ಕತಂಗಿಯರೂ ಅದರಲ್ಲಿ ಬರುತ್ತಾರೆ.  ಅಪ್ಪ ಅಮ್ಮ ತೀರಿಕೊಂಡ ಮೇಲೆ ಬುದ್ಧಿಮಾಂದ್ಯ ತಮ್ಮನನ್ನು ನೋಡಿಕೊಳ್ಳುವ ಅಕ್ಕನನ್ನು ಕಾನೂನು ಇಲ್ಲಿ ಗುರುತಿಸುತ್ತದೆ. 2015ರಿಂದ ಮೊತ್ತ 75,000 ರೂಪಾಯಿ, ಅಂಗವೈಕಲ್ಯ ಶೇಕಡಾ 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1,25,000. ಬಿಲ್ಲು ತೋರಿಸಿ ರೂಪಾಯಿ ರೂಪಾಯಿಗೆ ಲೆಕ್ಕ ಒಪ್ಪಿಸಬೇಕಾಗಿಲ್ಲ. ಖರ್ಚಿದೆ ಎಂದಾದರೆ ನಿಗದಿತ ಮೊತ್ತ ಪೂರ್ತಿ ಸಿಗುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿಯಂಥ ಸ್ಥಿತಿಗಳಿಗೆ ಸರ್ಕಾರಿ ವೈದ್ಯರಿಂದ ‘10-ಐಎ’ ಎಂಬ ನಮೂನೆಯಲ್ಲಿ ಪ್ರಮಾಣಪತ್ರ ಬೇಕು. ಪ್ರಮಾಣಪತ್ರಕ್ಕೆ ಅವಧಿ ಇದ್ದರೆ ಅದು ಮುಗಿದಾಗ ಮಗುವನ್ನು ಕರೆದುಕೊಂಡು ಮತ್ತೆ ಆಸ್ಪತ್ರೆಯ ಬಾಗಿಲಿಗೆ ಹೋಗಬೇಕು.

ಇದೇ ಸೆಕ್ಷನ್ನಿನಲ್ಲಿ ಒಂದು ಕ್ರೂರವಾದ ಷರತ್ತೂ ಇತ್ತು. ಅಂಗವೈಕಲ್ಯವಿರುವ ಮಗುವಿಗಾಗಿ ತಂದೆಯೋ ತಾಯಿಯೋ ವಿಮೆ ಕಟ್ಟಿದರೆ, ಆ ಹಣ ಮಗುವಿಗೆ ಸಿಗಬೇಕಾದದ್ದು ಕಟ್ಟಿದವರು ಸತ್ತ ಮೇಲೆ ಮಾತ್ರ. ಅರುವತ್ತು ದಾಟಿ ನಿವೃತ್ತರಾಗಿ ದುಡಿಮೆ ನಿಂತರೂ, ಮಗುವಿನ ಖರ್ಚು ಏರುತ್ತಲೇ ಇದ್ದರೂ, ಕಟ್ಟಿದವರು ಬದುಕಿರುವವರೆಗೆ ಪಾಲಿಸಿಯಿಂದ ಒಂದು ಪೈಸೆ ಬರುವಂತಿರಲಿಲ್ಲ. ಇದು ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ಜನವರಿಯಲ್ಲಿ ಕೋರ್ಟು ಕಾನೂನನ್ನು ತಾನಾಗಿ ತಿದ್ದಲಾಗದು ಎಂದರೂ, ಇಂಥ ಪೋಷಕರ ಕಷ್ಟವನ್ನು ಪರಿಗಣಿಸುವಂತೆ ಕೇಂದ್ರಕ್ಕೆ ಹೇಳಿತು. 2022ರ ಬಜೆಟ್ಟಿನಲ್ಲಿ ತಿದ್ದುಪಡಿ ಬಂತು. ಕಟ್ಟಿದವರಿಗೆ 60 ತುಂಬಿ, ಕಂತು ನಿಲ್ಲಿಸಿದ ಮೇಲೆ ಅವರು ಬದುಕಿರುವಾಗಲೇ ಮಗುವಿಗೆ ಹಣ ಸಿಗಬಹುದು. ತೆರಿಗೆ ಕಾನೂನಿನ ಇತಿಹಾಸದಲ್ಲಿ ಮನೆಮಂದಿಯ ನೋವನ್ನು ಕೇಳಿಸಿಕೊಂಡು ಸಾಲೊಂದನ್ನು ಬದಲಾಯಿಸಿದ ಸಂದರ್ಭಗಳು ಹೆಚ್ಚಿಲ್ಲ. ಅದಕ್ಕೇ ಇದನ್ನು ಇಲ್ಲಿ ಇಷ್ಟು ವಿವರವಾಗಿ ಹೇಳಬೇಕಾಯಿತು.

ಅವಲಂಬಿತರ ತಲೆ ಎಣಿಸುವ ಪದ್ಧತಿ ಬಹುಕಾಲ ನಡೆದದ್ದು ಅಮೆರಿಕದಲ್ಲಿ. ಅಲ್ಲಿ 1917ರಲ್ಲಿ ಪ್ರತಿ ಅವಲಂಬಿತ ಮಗುವಿಗೆ 200 ಡಾಲರ್ ವಿನಾಯಿತಿ ಬಂತು. ದಶಕಗಟ್ಟಲೆ ರಿಟರ್ನ್‌ನಲ್ಲಿ ಮಗುವಿನ ಹೆಸರು ಬರೆದರೆ ಸಾಕಿತ್ತು, ಪುರಾವೆ ಯಾರೂ ಕೇಳುತ್ತಿರಲಿಲ್ಲ. 1986ರ ಕಾಯ್ದೆ ಐದು ವರ್ಷ ದಾಟಿದ ಅವಲಂಬಿತರ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಕೊಡಬೇಕೆಂದಿತು. 1987ರ ವರ್ಷದ ರಿಟರ್ನ್‌ಗಳಲ್ಲಿ ಸುಮಾರು 70 ಲಕ್ಷ ಅವಲಂಬಿತರು ಒಮ್ಮೆಲೇ ಕಾಣೆಯಾದರು. ವಿಚ್ಛೇದಿತ ದಂಪತಿ ಒಂದೇ ಮಗುವನ್ನು ಇಬ್ಬರೂ ಬರೆದುಕೊಂಡದ್ದಿತ್ತು, ಇಲ್ಲದ ಮಕ್ಕಳನ್ನು ಬರೆದದ್ದೂ ಇತ್ತು.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಆ ಕಾನೂನಿನ ಇನ್ನೊಂದು ಸಾಲು ಹೆಚ್ಚು ಪರಿಚಿತ. ಅಲ್ಲಿನ ಪ್ರಜೆಯಲ್ಲದ ಅವಲಂಬಿತರು ಅಮೆರಿಕ, ಕೆನಡಾ ಅಥವಾ ಮೆಕ್ಸಿಕೊದ ನಿವಾಸಿಯಾಗಿರಬೇಕು. ಶಿವಮೊಗ್ಗದಲ್ಲೋ ಧಾರವಾಡದಲ್ಲೋ ಇರುವ ತಾಯಿಗೆ ಪ್ರತಿ ತಿಂಗಳು ಹಣ ಕಳಿಸಿದರೂ ಆಕೆ ಆ ಲೆಕ್ಕದಲ್ಲಿ ಅವಲಂಬಿತಳಲ್ಲ. 2017ರಲ್ಲಿ ತಲೆಗೆ 4,050 ಡಾಲರ್ ಇದ್ದ ಆ ವಿನಾಯಿತಿ ಮರುವರ್ಷದಿಂದ ಸೊನ್ನೆಯಾಯಿತು. ಬದಲಿಗೆ ಮಕ್ಕಳಿಗೆ ದೊಡ್ಡ ತೆರಿಗೆ ರಿಯಾಯಿತಿ ಬಂತು, ಉಳಿದ ಅವಲಂಬಿತರಿಗೆ ಬರೀ 500 ಡಾಲರ್.

ನಮ್ಮಲ್ಲೂ ಗಾಳಿ ಅದೇ ಕಡೆಗೆ ಬೀಸಿತು. ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದ ನಿರ್ಮಲಾ ಸೀತಾರಾಮನ್ 2020ರ ಬಜೆಟ್ಟಿನಲ್ಲಿ ಹೊಸ ತೆರಿಗೆ ಪದ್ಧತಿ ತಂದರು. ದರ ಕಡಿಮೆ, ಬಹುಪಾಲು ಕಡಿತಗಳು ಇಲ್ಲ. 2023ರಲ್ಲಿ ಅದೇ ಸಹಜ ಆಯ್ಕೆಯಾಯಿತು. ಬೇಡವೆನ್ನುವವರು ಹಳೆಯದನ್ನು ಬೇಕೆಂದು ಹೇಳಿ ಪಡೆಯಬೇಕು. 2025ರ ಬಜೆಟ್ಟಿನಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ವರಮಾನಕ್ಕೆ ತೆರಿಗೆಯೇ ಇಲ್ಲವಾದದ್ದು ಬಹುಪಾಲು ಸಂಬಳದಾರರಿಗೆ ದೊಡ್ಡ ಸಮಾಧಾನ. ಅವರಿಗೆ ಶಾಲೆಯ ರಸೀದಿ, ವಿಮೆಯ ರಸೀದಿ ಹುಡುಕುವ ಜನವರಿಯ ಧಾವಂತ ತಪ್ಪಿತು.

ಅದಕ್ಕಿಂತ ಮೇಲೆ ದುಡಿಯುವ, ಮನೆಯಲ್ಲಿ ಅಂಗವೈಕಲ್ಯವಿರುವ ಮಗನೋ ತಂಗಿಯೋ ಇರುವ ಕುಟುಂಬದ ಸ್ಥಿತಿ ಬೇರೆ. ಹೊಸ ಪದ್ಧತಿಯಲ್ಲಿ ಎಯ್ಟಿ ಡಿಡಿ ಇಲ್ಲ. ಸಂಬಳದಾರರು ಪ್ರತಿ ವರ್ಷ ಎರಡೂ ಪದ್ಧತಿಯಲ್ಲಿ ಲೆಕ್ಕ ಹಾಕಿ, ಆ 1,25,000 ರೂಪಾಯಿಯ ಕಡಿತಕ್ಕಾಗಿ ಹಳೆಯ, ಹೆಚ್ಚಿನ ದರದಲ್ಲಿ ಉಳಿಯುವುದು ಮೇಲೋ ಅದನ್ನು ಬಿಟ್ಟುಕೊಡುವುದು ಮೇಲೋ ಎಂದು ತೀರ್ಮಾನಿಸಬೇಕು. ಬಹಳ ಸಲ ಬಿಟ್ಟುಕೊಡುವುದೇ ಲಾಭ ಎಂದು ಲೆಕ್ಕ ಹೇಳುತ್ತದೆ. ಆಗ ಆ ಮಗ ಅಥವಾ ತಂಗಿ ಅವರ ರಿಟರ್ನ್‌ನಲ್ಲಿ ಎಲ್ಲೂ ಇರುವುದಿಲ್ಲ. ಆದರೆ 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ ರೂಪಿಸಿದ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ‘ವ್ಯಕ್ತಿ’ ಎಂಬುದರ ವಿವರಣೆಯಲ್ಲಿ ಹಿಂದೂ ಅವಿಭಕ್ತ ಕುಟುಂಬ ಮೊದಲಿನಂತೆಯೇ ಇದೆ.